ಆಟದ ಯಂತ್ರಕ್ಕೆ ಆನ್‌ಲೈನ್ ಬಹಿಷ್ಕಾರ: ನಷ್ಟ ಯಾರ ಖಾತೆಗೆ?

ಸಿ.ವಿ. ರಾಮನ್ ನಗರದ ಕಗ್ಗದಾಸಪುರ ಮುಖ್ಯರಸ್ತೆಯಲ್ಲಿ ಮೊಬೈಲ್ ಫೋನುಗಳ ಮಾರಾಟ ಮತ್ತು ದುರಸ್ತಿಯ ಚಿಕ್ಕ ಅಂಗಡಿಯೊಂದಿದೆ ಎಂದು ಭಾವಿಸಬಹುದು. ಒಂದು ಸಂಜೆ ಬಾಗ್ಮನೆ ಟೆಕ್ ಪಾರ್ಕಿನ ಉದ್ಯೋಗಿಯೊಬ್ಬ ತಾನು ಬಳಸಿದ ನಿಂಟೆಂಡೊ ಸ್ವಿಚ್ ಯಂತ್ರವನ್ನು ತಂದು, ಊರು ಬಿಡುತ್ತಿರುವುದರಿಂದ ಮಾರಬೇಕಾಗಿದೆ ಎನ್ನುತ್ತಾನೆ. ಪರದೆಯ ಮೇಲೆ ಒಂದು ಗೀರೂ ಇಲ್ಲ. ಒಳಗಿರುವ ಆಟಗಳು ಸರಾಗವಾಗಿ ನಡೆಯುತ್ತವೆ. ವರ್ತಕನು 14,000 ರೂಪಾಯಿಗಳನ್ನು ನಗದಾಗಿ ಎಣಿಸಿ ಕೊಡುತ್ತಾನೆ. ಮಾರಿದವನ ಹೆಸರನ್ನೂ ಬರೆದಿಟ್ಟುಕೊಳ್ಳುವುದಿಲ್ಲ. ನಾಲ್ಕು ದಿನಗಳ ತರುವಾಯ ಮಲ್ಲೇಶಪಾಳ್ಯದ ಗೃಹಸ್ಥರೊಬ್ಬರು ಮಗನ ಹುಟ್ಟುಹಬ್ಬಕ್ಕೆಂದು ಅದನ್ನು 17,500 ರೂಪಾಯಿಗಳಿಗೆ ಕೊಂಡೊಯ್ಯುತ್ತಾರೆ. ಮೂರನೆಯ ದಿನ ಯಂತ್ರ ಮತ್ತೆ ಅಂಗಡಿಯ ಮೇಜಿನ ಮೇಲಿರುತ್ತದೆ. ಅಂತರ್ಜಾಲಕ್ಕೆ ಜೋಡಿಸಿದಾಗಲೆಲ್ಲ 2124-4007 ಎಂಬ ಸಂಖ್ಯೆಯೊಡನೆ, ಈ ಯಂತ್ರಕ್ಕೆ ಆನ್‌ಲೈನ್ ಸೇವೆಗಳನ್ನು ತಯಾರಕರು ನಿರ್ಬಂಧಿಸಿದ್ದಾರೆ ಎಂಬ ಸೂಚನೆ ಬರುತ್ತಿದೆ. ಹುಡುಗನು ಯಾವ ತಪ್ಪನ್ನೂ ಮಾಡಿಲ್ಲ. ಗೃಹಸ್ಥರೂ ಮಾಡಿಲ್ಲ. ವರ್ತಕನೂ ತಾನು ಮಾಡಿಲ್ಲವೆಂದೇ ಹೇಳುತ್ತಾನೆ.

ಅಂಗಡಿ, ವ್ಯಕ್ತಿಗಳು ಮತ್ತು ಬೆಲೆಗಳು ಉದಾಹರಣೆಗಾಗಿ ಕಲ್ಪಿಸಿದವು. ಆದರೆ ನಿಷೇಧದ ಕಾರ್ಯವಿಧಾನ ಕಲ್ಪಿತವಲ್ಲ. ನಕಲು ಆಟಗಳನ್ನು ಬಳಸಿದವರ ಮೇಲೆ ತಯಾರಕರು ವಿಧಿಸುವ ಈ ದಂಡನೆಯು ಬಳಸಿದ ಮನುಷ್ಯನಿಗೆ ಅಂಟಿಕೊಳ್ಳುವುದಕ್ಕಿಂತ ಹೆಚ್ಚಾಗಿ ಯಂತ್ರಕ್ಕೆ ಅಂಟಿಕೊಳ್ಳುತ್ತದೆ. ಯಂತ್ರ ಕೈ ಬದಲಾದಂತೆ ದಂಡನೆಯೂ ಕೈ ಬದಲಾಯಿಸುತ್ತದೆ. ಹಳೆಯ ಎಲೆಕ್ಟ್ರಾನಿಕ್ ಸರಕಿನ ವ್ಯಾಪಾರದಲ್ಲಿ ತೊಡಗಿರುವ ವರ್ತಕರಿಗೆ ಇದು ಕೇವಲ ಮಕ್ಕಳ ಆಟದ ವಿಷಯವಲ್ಲ. ದಾಸ್ತಾನಿನ ಮೌಲ್ಯದ, ತೆರಿಗೆಯ ಹಾಗೂ ಕೆಲವೊಮ್ಮೆ ಕ್ರಿಮಿನಲ್ ಹೊಣೆಗಾರಿಕೆಯ ವಿಷಯ.

ನಿಷೇಧ ನಡೆಯುವ ಬಗೆ

ಕೈಯಲ್ಲಿ ಹಿಡಿದು ಆಡುವ ಯಂತ್ರಗಳಲ್ಲಿ ನಕಲಿನ ಹಾವಳಿ ಹೊಸದಲ್ಲ. 2004ರಲ್ಲಿ ಬಂದ ನಿಂಟೆಂಡೊ ಡಿಎಸ್ ಯಂತ್ರಕ್ಕೆ ಆರ್4 ಎಂಬ ಹೆಸರಿನ ಚಿಕ್ಕ ಕಾರ್ಡೊಂದು ಜಗತ್ತಿನಾದ್ಯಂತ ಮಾರಾಟವಾಯಿತು. ಅದರೊಳಗೆ ಮೆಮೊರಿ ಕಾರ್ಡು ತೂರಿಸಿದರೆ ಹತ್ತಾರು ಆಟಗಳು ಪುಕ್ಕಟೆಯಾಗಿ ದೊರೆಯುತ್ತಿದ್ದವು. 2009ರಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯವು ಜಪಾನಿನಲ್ಲಿ ಅದರ ಮಾರಾಟವನ್ನು ತಡೆಯಿತು. 2010ರಲ್ಲಿ ಇಂಗ್ಲೆಂಡಿನ ಹೈಕೋರ್ಟು ಸಹ ಅದನ್ನು ಕಾನೂನುಬಾಹಿರವೆಂದು ಸಾರಿತು. ಸೋನಿ ಸಂಸ್ಥೆಯ ಪಿಎಸ್‌ಪಿ ಯಂತ್ರದ ಕಥೆಯೂ ಹೆಚ್ಚು ಭಿನ್ನವಲ್ಲ. ಅದರ ಮೂಲ ತಂತ್ರಾಂಶವನ್ನೇ ಬದಲಿಸಿ ನಕಲು ಆಟಗಳನ್ನು ಓಡಿಸುತ್ತಿದ್ದರು. ಆ ಕಾಲದಲ್ಲಿ ಹೋರಾಟ ನಡೆದದ್ದು ನ್ಯಾಯಾಲಯಗಳಲ್ಲಿ ಮತ್ತು ತಂತ್ರಾಂಶದ ಹೊಸ ಆವೃತ್ತಿಗಳಲ್ಲಿ. ಕೊಂಡ ಗ್ರಾಹಕನ ಯಂತ್ರಕ್ಕೆ ಏನೂ ಆಗುತ್ತಿರಲಿಲ್ಲ, ಏಕೆಂದರೆ ಅದು ಬಹುಪಾಲು ಸಮಯ ಅಂತರ್ಜಾಲದ ಸಂಪರ್ಕವಿಲ್ಲದೆಯೇ ಇರುತ್ತಿತ್ತು.

ಯಂತ್ರಗಳು ಸದಾ ಅಂತರ್ಜಾಲದಲ್ಲಿರತೊಡಗಿದಂತೆ ಪರಿಸ್ಥಿತಿ ಬದಲಾಯಿತು. 2011ರಲ್ಲಿ ಬಿಡುಗಡೆಯಾಗಿದ್ದ ನಿಂಟೆಂಡೊ 3ಡಿಎಸ್ ಯಂತ್ರಗಳ ಮೇಲೆ 2017ರ ಮೇ ತಿಂಗಳಿನಲ್ಲಿ ಸಾಮೂಹಿಕ ನಿಷೇಧ ಜಾರಿಯಾಯಿತು. ಮಾರ್ಪಡಿಸಿದ ಯಂತ್ರಗಳು ಒಂದೊಂದಾಗಿ ಅಲ್ಲ, ಅಲೆಯಂತೆ ಒಮ್ಮೆಲೇ ಸೇವೆಯಿಂದ ಹೊರಬಿದ್ದವು. (2024ರ ಏಪ್ರಿಲಿನಲ್ಲಿ ಆ ಯಂತ್ರದ ಆನ್‌ಲೈನ್ ಸೇವೆಯನ್ನೇ ಸಂಸ್ಥೆ ಮುಚ್ಚಿದ್ದರಿಂದ ಹಳೆಯ ಬಹಿಷ್ಕಾರಗಳಿಗೆ ಅರ್ಥವೇ ಉಳಿಯಲಿಲ್ಲ, ತಪ್ಪಿತಸ್ಥ ಯಂತ್ರವೂ ನಿರಪರಾಧಿ ಯಂತ್ರವೂ ಒಂದೇ ಸಾಲಿಗೆ ಬಂದವು.)

2017ರ ಮಾರ್ಚಿನಲ್ಲಿ ಬಂದ ಸ್ವಿಚ್ ಯಂತ್ರದಲ್ಲಿ ವ್ಯವಸ್ಥೆ ಇನ್ನೂ ಬಿಗಿಯಾಯಿತು. ಪ್ರತಿಯೊಂದು ಯಂತ್ರದೊಳಗೂ ಕಾರ್ಖಾನೆಯಲ್ಲೇ ಒಂದು ವಿಶಿಷ್ಟ ಡಿಜಿಟಲ್ ಪ್ರಮಾಣಪತ್ರವನ್ನು ಅಡಕಗೊಳಿಸಲಾಗಿರುತ್ತದೆ. ಯಂತ್ರ ಸರ್ವರಿಗೆ ತನ್ನ ಗುರುತು ಹೇಳಿಕೊಳ್ಳುವುದು ಅದರ ಮೂಲಕ. ಅದೇ ರೀತಿ ಅಧಿಕೃತವಾಗಿ ಮಾರಾಟವಾಗುವ ಒಂದೊಂದು ಆಟದ ಕಾರ್ಡಿಗೂ ಪ್ರತ್ಯೇಕ ಪ್ರಮಾಣಪತ್ರವಿರುತ್ತದೆ. ಒಂದೇ ಆಟದ ಒಂದು ಲಕ್ಷ ಕಾರ್ಡುಗಳು ಮಾರಾಟವಾದರೆ ಒಂದು ಲಕ್ಷ ಗುರುತುಗಳು. ಆನ್‌ಲೈನ್ ಆಡುವಾಗ ಯಂತ್ರವು ಕಾರ್ಡಿನ ಗುರುತನ್ನು ಸರ್ವರಿಗೆ ಒಪ್ಪಿಸುತ್ತದೆ. ಒಂದು ಕಾರ್ಡಿನಿಂದ ನಕಲು ತೆಗೆದು ಹತ್ತು ಮಂದಿ ಹಂಚಿಕೊಂಡರೆ ಒಂದೇ ಗುರುತು ಹತ್ತು ಕಡೆ ಕಾಣಿಸಿಕೊಳ್ಳುತ್ತದೆ. ಬ್ಯಾಂಕಿನಲ್ಲಿ ಒಂದೇ ಸಂಖ್ಯೆಯ ಚೆಕ್ಕು ಎರಡು ಬಾರಿ ನಗದೀಕರಣಕ್ಕೆ ಬಂದಂತೆ ಅದು. ಗುಮಾಸ್ತನಿಗೆ ಸಂಶಯ ಬರಲು ಬೇರೆ ಸಾಕ್ಷ್ಯ ಬೇಕಾಗಿಲ್ಲ.

2018ರ ಏಪ್ರಿಲಿನಲ್ಲಿ ಸ್ವಿಚ್‌ನ ಮುಖ್ಯ ಚಿಪ್ಪಿನಲ್ಲಿ, ಅಂದರೆ ಎನ್‌ವಿಡಿಯಾ ಸಂಸ್ಥೆಯ ಟೆಗ್ರಾ ಎಕ್ಸ್1ರಲ್ಲಿ, ಒಂದು ಲೋಪ ಬಹಿರಂಗವಾಯಿತು. ಅದು ಯಂತ್ರಾಂಶದಲ್ಲೇ ಇದ್ದುದರಿಂದ ಈಗಾಗಲೇ ಮಾರಾಟವಾಗಿದ್ದ ಯಂತ್ರಗಳಲ್ಲಿ ತಂತ್ರಾಂಶದ ಮೂಲಕ ಸರಿಪಡಿಸುವಂತಿರಲಿಲ್ಲ. ಬಾಗಿಲನ್ನು ಭದ್ರಪಡಿಸಲಾಗದಿದ್ದಾಗ ಒಳನುಗ್ಗಿದವರನ್ನು ಗುರುತಿಸಿ ಹೊರಹಾಕುವುದೊಂದೇ ತಯಾರಕರಿಗೆ ಉಳಿದ ಉಪಾಯ. ನಿಷೇಧದ ಪ್ರಾಮುಖ್ಯ ಬೆಳೆದದ್ದು ಹೀಗೆ.

ನಿಷೇಧದಲ್ಲಿ ಎರಡು ಬಗೆ: ವ್ಯಕ್ತಿಯ ಖಾತೆಯ ಮೇಲಿನದು ಮತ್ತು ಯಂತ್ರದ ಮೇಲಿನದು. ವ್ಯಾಪಾರಕ್ಕೆ ಮಾರಕವಾದದ್ದು ಎರಡನೆಯದು. ಯಂತ್ರವನ್ನು ಪೂರ್ತಿ ಅಳಿಸಿ ಹೊಸದಾಗಿ ಸಿದ್ಧಪಡಿಸಿದರೂ, ಹೊಸ ಖಾತೆ ತೆರೆದರೂ, ಪ್ರಮಾಣಪತ್ರ ಅದೇ ಆದ್ದರಿಂದ ನಿಷೇಧ ಹೋಗುವುದಿಲ್ಲ. ಕಾರ್ಡಿನಲ್ಲಿ ಕೊಂಡ ಆಟಗಳನ್ನು ಒಬ್ಬನೇ ಕುಳಿತು ಆಡಬಹುದು. ಆನ್‌ಲೈನ್ ಅಂಗಡಿಯೂ ಇತರರೊಡನೆ ಆಡುವ ಸೌಲಭ್ಯವೂ ಇಲ್ಲ. 2025ರ ಜೂನ್ 5ರಂದು ಬಿಡುಗಡೆಯಾದ ಸ್ವಿಚ್ 2ರಲ್ಲಿ ಪರಿಣಾಮ ಇನ್ನೂ ತೀವ್ರ. ಅದರ ಕೆಲವು ಆಟಗಳು ಕೇವಲ ಕೀಲಿಯಂತಹ ಕಾರ್ಡಿನಲ್ಲಿ ಬರುತ್ತವೆ. ಆಟವನ್ನು ಅಂತರ್ಜಾಲದಿಂದಲೇ ಇಳಿಸಿಕೊಳ್ಳಬೇಕು. ನಿಷೇಧಿತ ಯಂತ್ರದಲ್ಲಿ ಅಂಥ ಕಾರ್ಡು ಬೀಗವಿಲ್ಲದ ಕೀಲಿ.

ಬಿಲ್ಲು ಉಳಿಸಿದ ಯಂತ್ರ

ಸ್ವಿಚ್ 2 ಬಿಡುಗಡೆಯಾದ ಕೆಲವೇ ವಾರಗಳಲ್ಲಿ ನಡೆದ ಪ್ರಸಂಗವೊಂದು ಹಳೆಯ ಸರಕಿನ ವ್ಯಾಪಾರಿಗಳು ವಿಶೇಷವಾಗಿ ಗಮನಿಸತಕ್ಕದ್ದು. ಮಿಗ್ ಸ್ವಿಚ್ ಎಂಬ ಕಾರ್ಡನ್ನು ಅದರ ಮಾರಾಟಗಾರರು 'ಸ್ವಂತ ಆಟಗಳ ರಕ್ಷಾಪ್ರತಿ' ಇಟ್ಟುಕೊಳ್ಳುವ ಸಾಧನವೆಂದು ಪ್ರಚಾರ ಮಾಡುತ್ತಿದ್ದರು. ಅದನ್ನು ಹೊಸ ಯಂತ್ರದಲ್ಲಿ ಬಳಸಿದವರ ಯಂತ್ರಗಳು 2025ರ ಜೂನ್ ತಿಂಗಳಿನಲ್ಲೇ ಸೇವೆಯಿಂದ ಹೊರಬಿದ್ದವು. ಇದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವಿರುವುದು ಮುಂದಿನದರಲ್ಲಿ. ಬಳಸಿದ ಅಸಲಿ ಕಾರ್ಡುಗಳನ್ನು ಅಂತರ್ಜಾಲದ ಮೂಲಕ ಕೊಂಡು ತನ್ನ ಹೊಸ ಯಂತ್ರಕ್ಕೆ ಹಾಕಿದ ಗ್ರಾಹಕನೊಬ್ಬನ ಯಂತ್ರವೂ ನಿಷೇಧಕ್ಕೊಳಗಾಯಿತು. ಕಾರ್ಡುಗಳ ಹಿಂದಿನ ಮಾಲೀಕನು ಅವುಗಳ ನಕಲು ತೆಗೆದಿಟ್ಟುಕೊಂಡು ಅಸಲಿಯನ್ನು ಮಾರಿರಬೇಕೆಂದು ಊಹಿಸಲಾಯಿತು. ಒಂದೇ ಗುರುತು ಎರಡು ಕಡೆ ಕಂಡಿತು, ಸಿಕ್ಕಿಬಿದ್ದವನು ಅಸಲಿ ಇಟ್ಟುಕೊಂಡವನು. ಆತ ತಯಾರಕರ ಸೇವಾ ವಿಭಾಗಕ್ಕೆ ಕಾರ್ಡುಗಳ ಛಾಯಾಚಿತ್ರವನ್ನೂ ಖರೀದಿಯ ಪುರಾವೆಯನ್ನೂ ಸಲ್ಲಿಸಿದ ಮೇಲೆ ಯಂತ್ರವನ್ನು ಮತ್ತೆ ಸೇವೆಗೆ ಸೇರಿಸಲಾಯಿತು.

ಅವನನ್ನು ಪಾರುಮಾಡಿದ್ದು ತಾಂತ್ರಿಕ ವಾದವಲ್ಲ, ಎಲ್ಲಿಂದ ಕೊಂಡೆ ಎಂಬುದನ್ನು ತೋರಿಸುವ ಕಾಗದ. ಕಗ್ಗದಾಸಪುರದ ವರ್ತಕನು ಗೃಹಸ್ಥರಿಗೆ ಕೊಟ್ಟದ್ದು ಬರೀ 'ಗೇಮ್ 1 – 17,500' ಎಂದು ಗೀಚಿದ ಚೀಟಿ. ಯಂತ್ರದ ಕ್ರಮಸಂಖ್ಯೆ ಇಲ್ಲದ ಆ ಚೀಟಿಯಿಂದ ಯಾವ ಸೇವಾ ವಿಭಾಗವನ್ನೂ ಒಪ್ಪಿಸಲಾಗದು. ಬೆಂಗಳೂರಿನ ಬಹುತೇಕ ಅಂಗಡಿಗಳಲ್ಲಿ ಮೊಬೈಲ್ ಫೋನಿಗೆ ಐಎಂಇಐ ಸಂಖ್ಯೆ ಬರೆಯುವ ರೂಢಿ ಬೆಳೆದಿದೆ. ಆಟದ ಯಂತ್ರಕ್ಕೆ ಅದೇ ಶಿಸ್ತು ಇನ್ನೂ ಬಂದಿಲ್ಲದಿರುವುದು ವಿಚಿತ್ರವೇ ಸರಿ.

ಕಾನೂನು ಯಾರನ್ನು ಕೇಳುತ್ತದೆ

ತಯಾರಕರ ನಿಷೇಧವು ನ್ಯಾಯಾಲಯದ ತೀರ್ಪಲ್ಲ. ಒಪ್ಪಂದದ ಷರತ್ತಿನ ಜಾರಿ ಮಾತ್ರ. ಆದರೆ ಅದರ ಹಿಂದಿರುವ ಕೃತ್ಯವು ಭಾರತದ ಕಾನೂನಿನಲ್ಲಿಯೂ ಅಪರಾಧವಾಗಬಲ್ಲದು. ಇವೆರಡನ್ನೂ ಬೇರ್ಪಡಿಸಿ ನೋಡದಿದ್ದರೆ ವರ್ತಕನು ಅನಗತ್ಯವಾಗಿ ಹೆದರುತ್ತಾನೆ, ಇಲ್ಲವೇ ಅನಗತ್ಯವಾಗಿ ಧೈರ್ಯಗೊಳ್ಳುತ್ತಾನೆ.

1957ರ ಕೃತಿಸ್ವಾಮ್ಯ ಕಾಯ್ದೆಯ ದೃಷ್ಟಿಯಲ್ಲಿ ಆಟದ ತಂತ್ರಾಂಶವೂ ಕಂಪ್ಯೂಟರ್ ಪ್ರೋಗ್ರಾಮೇ. ಕಲಂ 63ರ ಪ್ರಕಾರ, ಅರಿತು ಕೃತಿಸ್ವಾಮ್ಯವನ್ನು ಉಲ್ಲಂಘಿಸುವವನಿಗೂ ಅದಕ್ಕೆ ಕುಮ್ಮಕ್ಕು ನೀಡುವವನಿಗೂ 6 ತಿಂಗಳಿಂದ 3 ವರ್ಷಗಳವರೆಗೆ ಸೆರೆವಾಸ ಮತ್ತು 50,000ದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ನಕಲು ಪ್ರೋಗ್ರಾಮೆಂದು ಅರಿತೂ ಕಂಪ್ಯೂಟರಿನಲ್ಲಿ ಬಳಸುವವನ ವಿಷಯದಲ್ಲಿ ಕಲಂ 63ಬಿ ಅನ್ವಯವಾಗುತ್ತದೆ. ಆದರೆ ಲಾಭಕ್ಕಾಗಿ ಅಥವಾ ವ್ಯಾಪಾರದ ಭಾಗವಾಗಿ ಬಳಸದಿದ್ದರೆ ಸೆರೆವಾಸವಿಲ್ಲದೆ 50,000 ರೂಪಾಯಿ ಮೀರದ ದಂಡದಲ್ಲಿಯೇ ಮುಗಿಸುವ ವಿವೇಚನೆ ನ್ಯಾಯಾಲಯಕ್ಕಿದೆ. ಈ ರಿಯಾಯಿತಿ ಮನೆಯಲ್ಲಿ ಆಡುವವನಿಗೇ ಹೊರತು ಅಂಗಡಿಯಲ್ಲಿ ಆಟ ತುಂಬಿಸಿಕೊಡುವವನಿಗಲ್ಲ. 2022ರ ಮೇ 20ರಂದು ನಿಟ್ ಪ್ರೊ ಇಂಟರ್‌ನ್ಯಾಷನಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಕಲಂ 63ರ ಅಪರಾಧವು ಸಂಜ್ಞೇಯವೂ ಜಾಮೀನುರಹಿತವೂ ಆದುದೆಂದು ತೀರ್ಮಾನಿಸಿತು. ಅಂದರೆ ಪೊಲೀಸರು ವಾರಂಟಿಲ್ಲದೆಯೇ ಬಂಧಿಸಬಹುದು.

2012ರ ತಿದ್ದುಪಡಿಯಿಂದ ಸೇರಿದ ಕಲಂ 65ಎ ದುರಸ್ತಿ ಅಂಗಡಿಗಳಿಗೆ ಇನ್ನೂ ಹತ್ತಿರದ್ದು. ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ, ಅವುಗಳ ರಕ್ಷಣೆಗಾಗಿ ಅಳವಡಿಸಿದ ತಾಂತ್ರಿಕ ಬೀಗವನ್ನು ಮುರಿಯುವವನಿಗೆ 2 ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ಇದೆ. ಕಾಯ್ದೆ ನಿಷೇಧಿಸದ ಉದ್ದೇಶಗಳಿಗೆ ಇದರಲ್ಲಿ ವಿನಾಯಿತಿ ಉಂಟು. ಆದರೆ ಅದಕ್ಕೊಂದು ಉಪಬಂಧವಿದೆ: ಇನ್ನೊಬ್ಬನಿಗೆ ಬೀಗ ತೆಗೆಯಲು ನೆರವಾಗುವವನು ಆ ವ್ಯಕ್ತಿಯ ಹೆಸರು, ವಿಳಾಸ, ಸಂಬಂಧಿತ ವಿವರಗಳು ಮತ್ತು ಉದ್ದೇಶವನ್ನು ಪೂರ್ಣವಾಗಿ ದಾಖಲಿಸಿ ಇಡಬೇಕು. ಯಂತ್ರವನ್ನು 'ಮಾಡ್' ಮಾಡಿಕೊಡುವ ಯಾವ ಅಂಗಡಿಯಲ್ಲಿ ಇಂಥ ಪುಸ್ತಕವಿದ್ದೀತು?

'ನಾನು ಕೊಂಡ ಆಟದ ಪ್ರತಿ ಮಾಡಿಕೊಂಡರೆ ತಪ್ಪೇನು' ಎಂಬ ಗ್ರಾಹಕನ ಪ್ರಶ್ನೆಗೂ ಕಾಯ್ದೆಯಲ್ಲಿ ಉತ್ತರವಿದೆ. ಕಲಂ 52ರ ಪ್ರಕಾರ, ನ್ಯಾಯಯುತವಾಗಿ ಪ್ರೋಗ್ರಾಮನ್ನು ಪಡೆದವನು ನಷ್ಟ ಅಥವಾ ಹಾನಿಯ ವಿರುದ್ಧ ತಾತ್ಕಾಲಿಕ ರಕ್ಷಣೆಗಾಗಿ ಮಾತ್ರ ಪ್ರತಿ ಮಾಡಿಟ್ಟುಕೊಳ್ಳಬಹುದು. ಕಾರ್ಡನ್ನು ಮಾರಿ ಪ್ರತಿಯನ್ನು ಉಳಿಸಿಕೊಳ್ಳುವವನಿಗೆ ಈ ರಕ್ಷಣೆ ದೊರೆಯದು. ಇಷ್ಟಾಗಿಯೂ ಕಾಯ್ದೆಯಲ್ಲಿ ಒಪ್ಪಿತವಾದುದೆಲ್ಲ ತಯಾರಕರ ಸರ್ವರಿಗೆ ಒಪ್ಪಿತವೆಂದು ತಿಳಿಯಬಾರದು. ಅಲ್ಲಿ ನಡೆಯುವುದು ಅವರದೇ ಷರತ್ತು.

ಕರ್ನಾಟಕದಲ್ಲಿ ಇನ್ನೊಂದು ಕಾನೂನಿನ ನೆರಳೂ ಇದೆ. ಸಾಮಾನ್ಯವಾಗಿ ಗೂಂಡಾ ಕಾಯ್ದೆ ಎಂದು ಕರೆಯಲಾಗುವ 1985ರ ರಾಜ್ಯ ಕಾಯ್ದೆಗೆ 2014ರಲ್ಲಿ ಮಾಡಿದ ತಿದ್ದುಪಡಿಯಿಂದ 'ಡಿಜಿಟಲ್ ಅಪರಾಧಿ' ಎಂಬ ವರ್ಗ ಸೇರಿತು. ವಾಣಿಜ್ಯ ಉದ್ದೇಶಕ್ಕಾಗಿ ಪುಸ್ತಕ, ಸಂಗೀತ, ಚಲನಚಿತ್ರ, ತಂತ್ರಾಂಶ ಮೊದಲಾದವುಗಳ ಕೃತಿಸ್ವಾಮ್ಯವನ್ನು ಅರಿತು ಉಲ್ಲಂಘಿಸುವವನು ಈ ವರ್ಗಕ್ಕೆ ಬರುತ್ತಾನೆ. ಇದು ಶಿಕ್ಷೆಯ ಕಾನೂನಲ್ಲ, ಮುಂಜಾಗ್ರತಾ ಬಂಧನದ ಕಾನೂನು. ಬಂಧನದ ಗರಿಷ್ಠ ಅವಧಿ ಒಂದು ವರ್ಷ. ಆಟ ತುಂಬಿಸುವ ಚಿಕ್ಕ ಅಂಗಡಿಯ ಮೇಲೆ ಇಷ್ಟು ಭಾರವಾದ ಅಸ್ತ್ರ ಪ್ರಯೋಗಿಸುವುದು ಉಚಿತವೇ ಎಂಬುದು ಬೇರೆ ಚರ್ಚೆ. ಆದರೆ ಅಸ್ತ್ರವು ಬತ್ತಳಿಕೆಯಲ್ಲಿದೆ. ಅಮೆರಿಕದ ವಾಣಿಜ್ಯ ಪ್ರತಿನಿಧಿ ಕಚೇರಿಯು 2024ರ ಜನವರಿಯಲ್ಲಿ ಪ್ರಕಟಿಸಿದ ಕುಖ್ಯಾತ ಮಾರುಕಟ್ಟೆಗಳ ಪಟ್ಟಿಯಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯ ಹೆಸರು ಸೇರಿತ್ತು. ಅಲ್ಲಿ ಪ್ರಾಮಾಣಿಕವಾಗಿ ವ್ಯಾಪಾರ ಮಾಡುತ್ತಿರುವ ನೂರಾರು ವರ್ತಕರಿಗೂ ಆ ಹೆಸರಿನ ಕಳಂಕ ತಟ್ಟುತ್ತದೆ.

ವಿದೇಶದ ಎರಡು ಪ್ರಕರಣಗಳಿಂದ ಮೊತ್ತಗಳ ಪ್ರಮಾಣ ತಿಳಿಯುತ್ತದೆ. ಸ್ವಿಚ್ ಯಂತ್ರದ ಬೀಗ ಮುರಿಯುವ ಸಾಧನಗಳನ್ನು ಮಾರಿದ ಟೀಮ್ ಎಕ್ಸಿಕ್ಯೂಟರ್ ಗುಂಪಿನ ಗ್ಯಾರಿ ಬೌಸರ್ ಎಂಬಾತನಿಗೆ 2022ರ ಫೆಬ್ರವರಿಯಲ್ಲಿ ಅಮೆರಿಕದ ನ್ಯಾಯಾಲಯವು 40 ತಿಂಗಳ ಸೆರೆವಾಸ ವಿಧಿಸಿತು. ಕ್ರಿಮಿನಲ್ ಪ್ರಕರಣದಲ್ಲಿ 45 ಲಕ್ಷ ಡಾಲರ್, ಸಿವಿಲ್ ದಾವೆಯಲ್ಲಿ 1 ಕೋಟಿ ಡಾಲರ್ ತೆರಬೇಕಾಯಿತು. ಯಂತ್ರಗಳನ್ನು ಮಾರ್ಪಡಿಸಿ ಮಾರುತ್ತಿದ್ದ ಮಾಡೆಡ್ ಹಾರ್ಡ್‌ವೇರ್ ಎಂಬ ಅಂಗಡಿಯ ವಿರುದ್ಧದ ದಾವೆ 2025ರಲ್ಲಿ 20 ಲಕ್ಷ ಡಾಲರಿನಲ್ಲಿ ಮುಗಿಯಿತು. ಎರಡನೆಯದು ಬೃಹತ್ ಜಾಲವಲ್ಲ, ಒಂದು ಅಂಗಡಿ ಎಂಬುದು ಗಮನಾರ್ಹ.

ಬೆಂಗಳೂರಿನವರಿಗೆ ಇದು ದೂರದ ಜಪಾನಿನ ಸಂಸ್ಥೆಯ ನಷ್ಟವೆಂದು ಅನಿಸಬಹುದು. ಆದರೆ ಭಾರತದ ಮೊದಲ ಆಟ ನಿರ್ಮಾಣ ಸಂಸ್ಥೆಗಳಲ್ಲಿ ಒಂದಾದ ಧ್ರುವ ಇಂಟರ್‌ಆಕ್ಟಿವ್ 1997ರಲ್ಲಿ ಹುಟ್ಟಿದ್ದು ಇದೇ ನಗರದಲ್ಲಿ. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಸಂಸ್ಥೆ ಕೊಂಡುಕೊಂಡಿತು. ಆಟಗಳ ಚಿತ್ರ ಮತ್ತು ಸಂಕೇತಗಳನ್ನು ರಚಿಸಿ ಸಂಬಳ ಪಡೆಯುವ ಯುವಕರು ನಕಲು ಕೊಳ್ಳುವ ಯುವಕರ ನೆರೆಮನೆಯವರೇ ಆಗಿರಬಹುದು.

ನಮ್ಮ ಉದಾಹರಣೆಯ ವರ್ತಕನ ಸ್ಥಿತಿಯೇನು? ನಿಷೇಧಿತ ಯಂತ್ರವನ್ನು ಮಾರುವುದೇ ಅಪರಾಧವಲ್ಲ. ಆದರೆ ಯಂತ್ರದೊಳಗಿನ ಮೆಮೊರಿ ಕಾರ್ಡಿನಲ್ಲಿ ಹಿಂದಿನವನು ತುಂಬಿದ ನಕಲು ಆಟಗಳು ಹಾಗೆಯೇ ಇದ್ದು, 'ಇಪ್ಪತ್ತು ಆಟಗಳು ಉಚಿತ' ಎಂದು ಹೇಳಿ ಮಾರಿದ್ದರೆ, ಅವನು ನಕಲು ಪ್ರತಿಗಳನ್ನೇ ಮಾರಿದಂತಾಗುತ್ತದೆ. ಆಗ 'ತಿಳಿದಿರಲಿಲ್ಲ' ಎಂಬ ಮಾತಿಗೆ ಬೆಲೆ ಇರುವುದಿಲ್ಲ.

ಗ್ರಾಹಕನೆದುರು ವರ್ತಕ

ಗೃಹಸ್ಥರ ಬಳಿ ಇರುವ ಮಾರ್ಗಗಳು ಸಾಕಷ್ಟು ಬಲವಾದವು. 2017ರಲ್ಲಿ ಸ್ವಿಚ್ ಬಂದಾಗ ಭಾರತದಲ್ಲಿ ಅದರ ಅಧಿಕೃತ ಮಾರಾಟ ವ್ಯವಸ್ಥೆ ಇರಲಿಲ್ಲ. ಯಂತ್ರಗಳು ಬಂದದ್ದು ಸ್ವತಂತ್ರ ಆಮದುದಾರರ ಮೂಲಕ ಅಥವಾ ವಿದೇಶದಿಂದ ಮರಳಿದವರ ಪೆಟ್ಟಿಗೆಗಳಲ್ಲಿ. ರಕ್ಷಣಾ ಸಂಶೋಧನಾ ಸಂಸ್ಥೆಗಳ ಮತ್ತು ಟೆಕ್ ಪಾರ್ಕಿನ ನೆರೆಯಾದ ಸಿ.ವಿ. ರಾಮನ್ ನಗರದಂತಹ ಬಡಾವಣೆಯಲ್ಲಿ ಎರಡನೆಯ ಮಾರ್ಗ ಅಪರೂಪವಲ್ಲ. ಹಾಗಾಗಿ ಗ್ರಾಹಕನ ದೂರಿಗೆ ಎದುರುದಾರನಾಗಿ ಕೈಗೆ ಸಿಗುವವನು ಸ್ಥಳೀಯ ವರ್ತಕನೊಬ್ಬನೇ.

2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಹಳೆಯ ಸರಕನ್ನು ಹೊಸದೆಂದು ಮಾರುವುದನ್ನು ಮಾತ್ರವಲ್ಲ, ಬಿಲ್ಲು ಕೊಡದಿರುವುದನ್ನೂ ಅನುಚಿತ ವ್ಯಾಪಾರ ಪದ್ಧತಿಯೆಂದು ಪರಿಗಣಿಸುತ್ತದೆ. ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂಪಡೆಯಲು ನಿರಾಕರಿಸುವುದೂ ಅದೇ ಪಟ್ಟಿಯಲ್ಲಿದೆ. 'ಮಾರಿದ ಸರಕನ್ನು ಹಿಂಪಡೆಯುವುದಿಲ್ಲ' ಎಂಬ ಫಲಕ ಗೋಡೆಗೆ ಅಲಂಕಾರ ಮಾತ್ರ. 1930ರ ಸರಕು ಮಾರಾಟ ಕಾಯ್ದೆಯ ಕಲಂ 16 ಸಹ ಇಲ್ಲಿ ಪ್ರಸ್ತುತ: ಕೊಳ್ಳುವವನು ತನ್ನ ಉದ್ದೇಶವನ್ನು ತಿಳಿಸಿ ಮಾರುವವನ ಪರಿಣತಿಯನ್ನು ನಂಬಿ ಕೊಂಡಿದ್ದರೆ, ಸರಕು ಆ ಉದ್ದೇಶಕ್ಕೆ ತಕ್ಕುದಾಗಿರಬೇಕೆಂಬುದು ಅಧ್ಯಾಹಾರದ ಷರತ್ತು. 'ಮಗ ಗೆಳೆಯರೊಡನೆ ಆನ್‌ಲೈನ್ ಆಡುತ್ತಾನೆ' ಎಂದು ಗೃಹಸ್ಥರು ಹೇಳಿದ್ದರೆ ಸಾಕು.

ಆದರೆ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯವನ್ನು ಇಲ್ಲಿಗೆ ಎಳೆದು ತರುವ ಅಗತ್ಯವಿಲ್ಲ. ಆ ಅಧ್ಯಾಯದ 'ಹಾನಿ'ಯ ವ್ಯಾಖ್ಯೆಯಿಂದ ಉತ್ಪನ್ನಕ್ಕೇ ಆದ ಹಾನಿಯನ್ನೂ ಕೇವಲ ಆರ್ಥಿಕ ನಷ್ಟವನ್ನೂ ಹೊರಗಿಡಲಾಗಿದೆ. ದೂರು ಸಲ್ಲಿಸಲು 5 ಲಕ್ಷ ರೂಪಾಯಿಗಳವರೆಗಿನ ಖರೀದಿಗೆ ಶುಲ್ಕವಿಲ್ಲ. ಘಟನೆಯಿಂದ 2 ವರ್ಷಗಳ ಕಾಲಾವಕಾಶವಿದೆ. 17,500 ರೂಪಾಯಿಯ ವಿವಾದಕ್ಕೆ ಗ್ರಾಹಕನಿಗೆ ಖರ್ಚಾಗುವುದು ಕಾಗದ ಮತ್ತು ಬಸ್ಸಿನ ದರ; ವರ್ತಕನಿಗೆ ಅಂಗಡಿ ಮುಚ್ಚಿದ ದಿನಗಳು.

ಆಮದಿನ ವಿಷಯದಲ್ಲಿ ಒಂದು ಮಾತು ಸಾಕು. 2012ರಲ್ಲಿ ಎಲೆಕ್ಟ್ರಾನಿಕ್ ಸರಕುಗಳ ಕಡ್ಡಾಯ ನೋಂದಣಿ ಆದೇಶ ಹೊರಬಿದ್ದಾಗ ಮೊದಲ ಪಟ್ಟಿಯ 15 ವಸ್ತುಗಳಲ್ಲಿ ವಿಡಿಯೊ ಆಟದ ಯಂತ್ರಗಳೂ ಇದ್ದವು. ಆಮದುದಾರನ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ ಇಲ್ಲದ ಪೆಟ್ಟಿಗೆಯನ್ನು ಹೊಸ ಸರಕೆಂದು ಕೊಳ್ಳುವ ವರ್ತಕನು ನಿಷೇಧದ ಮಾತು ಬರುವ ಮುನ್ನವೇ ತೊಂದರೆಯಲ್ಲಿರುತ್ತಾನೆ.

ಲೆಕ್ಕಪುಸ್ತಕದಲ್ಲಿ

ವಿಡಿಯೊ ಆಟದ ಯಂತ್ರಗಳ ಮೇಲಿನ ಜಿಎಸ್‌ಟಿ ದರವನ್ನು 2019ರ ಜನವರಿ 1ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿಸಲಾಯಿತು. ಹಳೆಯ ಸರಕಿನ ವ್ಯಾಪಾರಿಗೆ 2017ರ ನಿಯಮಾವಳಿಯ ನಿಯಮ 32(5) ಇನ್ನೊಂದು ಅನುಕೂಲ ಕಲ್ಪಿಸುತ್ತದೆ: ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯದೆ, ಸರಕಿನ ಸ್ವರೂಪವನ್ನು ಬದಲಿಸದೆ ಮಾರಿದಲ್ಲಿ ತೆರಿಗೆ ಕೊಡಬೇಕಾದದ್ದು ಖರೀದಿ ಮತ್ತು ಮಾರಾಟ ಬೆಲೆಗಳ ಅಂತರದ ಮೇಲೆ ಮಾತ್ರ. ನೋಂದಾಯಿತನಾದ ನಮ್ಮ ವರ್ತಕನ ಅಂತರ 3,500 ರೂಪಾಯಿ. ಅದರಲ್ಲಿ ತೆರಿಗೆ ಸೇರಿದೆಯೆಂದು ಎಣಿಸಿದರೆ ತೆರಿಗೆ 534 ರೂಪಾಯಿ, ನಿವ್ವಳ ಲಾಭ 2,966 ರೂಪಾಯಿ. ಇದೇ ನಿಯಮದ ಪ್ರಯೋಜನ ಪಡೆಯದೆ ಪೂರ್ಣ ಬೆಲೆಯ ಮೇಲೆ ಲೆಕ್ಕ ಹಾಕಿದ್ದರೆ ತೆರಿಗೆ 2,669 ರೂಪಾಯಿಗೂ ಮೀರಿ, ಲಾಭವೆನ್ನುವುದು 830 ರೂಪಾಯಿಗಳ ಆಸುಪಾಸಿಗೆ ಇಳಿಯುತ್ತಿತ್ತು. ಆದರೆ ಖರೀದಿ ಬೆಲೆಯನ್ನು ಸಾಬೀತುಪಡಿಸುವ ಕಾಗದವಿಲ್ಲದವನಿಗೆ ಅಂತರದ ಲೆಕ್ಕವನ್ನು ಅಧಿಕಾರಿಯ ಮುಂದೆ ಸಮರ್ಥಿಸುವುದು ಕಷ್ಟ. ಮಾರಿದವನ ಹೆಸರಿಲ್ಲದ 14,000 ರೂಪಾಯಿಗೆ ಪುರಾವೆ ಎಲ್ಲಿದೆ?

ಇನ್ನೊಂದು ಗುಂಡಿ ಇದಕ್ಕಿಂತ ಆಳವಾದದ್ದು. ಒಬ್ಬ ವ್ಯಕ್ತಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದಾಗಿ ಕೊಟ್ಟ ವೆಚ್ಚವನ್ನು ಆದಾಯ ತೆರಿಗೆಯಲ್ಲಿ ಒಪ್ಪುವುದಿಲ್ಲ. 1961ರ ಕಾಯ್ದೆಯಲ್ಲಿ ಇದು ಕಲಂ 40ಎ(3) ಎಂದು ಪರಿಚಿತ. ಅಂದಾಜು ಆದಾಯದ ಯೋಜನೆಯಡಿ ಬರದೆ ಕ್ರಮಬದ್ಧವಾಗಿ ಲೆಕ್ಕ ಇಡುವ ವರ್ತಕನಾಗಿದ್ದರೆ ಪೂರ್ತಿ 14,000 ರೂಪಾಯಿ ವೆಚ್ಚವೇ ಅಲ್ಲವೆಂದಾಗುತ್ತದೆ. ಶೇ. 30ರ ದರದಲ್ಲಿ ಅದರ ಮೇಲಿನ ತೆರಿಗೆ 4,200 ರೂಪಾಯಿ. ಯಂತ್ರದಿಂದ ಬಂದ ಲಾಭಕ್ಕಿಂತ ಇದೇ ದೊಡ್ಡದು. ಯುಪಿಐ ಮೂಲಕ ಕೊಟ್ಟಿದ್ದರೆ ಈ ಗುಂಡಿಯೂ ಇರುತ್ತಿರಲಿಲ್ಲ, ಮಾರಿದವನ ಹೆಸರೂ ಬ್ಯಾಂಕಿನ ಲೆಕ್ಕಪತ್ರದಲ್ಲಿ ಸಿಗುತ್ತಿತ್ತು.

ಯಂತ್ರ ಹಿಂದಿರುಗಿದಾಗ ಗೃಹಸ್ಥರಿಗೆ 17,500 ರೂಪಾಯಿ ಮರಳಿಸಿ ಜಮಾ ಚೀಟಿ ನೀಡಬೇಕು. ಕಾಲಮಿತಿಯೊಳಗೆ ಅದನ್ನು ವರದಿ ಮಾಡಿದರೆ 534 ರೂಪಾಯಿಯ ತೆರಿಗೆ ಹೊರೆ ಇಳಿಯುತ್ತದೆ. ಯಂತ್ರ ಪುನಃ ದಾಸ್ತಾನಿಗೆ ಬರುತ್ತದೆ, ಆದರೆ 14,000 ರೂಪಾಯಿಯ ಮೌಲ್ಯದಲ್ಲಲ್ಲ. ದಾಸ್ತಾನನ್ನು ವೆಚ್ಚ ಅಥವಾ ಮಾರಾಟದಿಂದ ನಿವ್ವಳವಾಗಿ ದೊರೆಯಬಹುದಾದ ಮೊತ್ತ, ಇವೆರಡರಲ್ಲಿ ಕಡಿಮೆಯದಕ್ಕೆ ಮೌಲ್ಯಮಾಪನ ಮಾಡಬೇಕೆಂಬುದು ಲೆಕ್ಕಪತ್ರ ಮಾನದಂಡ 2ರ ಸೂತ್ರ. ಆನ್‌ಲೈನ್ ಇಲ್ಲದ ಯಂತ್ರಕ್ಕೆ 9,000 ರೂಪಾಯಿ ಸಿಗಬಹುದೆಂದಾದರೆ 5,000 ರೂಪಾಯಿಯ ನಷ್ಟವನ್ನು ಆ ವರ್ಷವೇ ಬರೆಯಬೇಕು. ಮುಂದೆ ಅದನ್ನು 9,000ಕ್ಕೆ ಮಾರಿದಾಗ ನಿಯಮ 32(5)ರ ಅಂತರ ಋಣಾತ್ಮಕವಾಗುತ್ತದೆ. ನಿಯಮದ ಪ್ರಕಾರ ಅದನ್ನು ಕಡೆಗಣಿಸಬೇಕು: ತೆರಿಗೆ ಇಲ್ಲ, ಬೇರೆ ಯಂತ್ರದ ಲಾಭದೊಡನೆ ಹೊಂದಾಣಿಕೆಯೂ ಇಲ್ಲ.

ನಕಲು ಆಟ ತುಂಬಿಸಲೆಂದೇ ಕೊಂಡ ಚಿಪ್ಪು ಮತ್ತು ಕಾರ್ಡುಗಳ ವೆಚ್ಚದ ಬಗ್ಗೆ ಚರ್ಚೆಗೆ ಆಸ್ಪದವಿಲ್ಲ. ಅಪರಾಧವಾದ ಉದ್ದೇಶಕ್ಕೆ ಮಾಡಿದ ವೆಚ್ಚವನ್ನು ಒಪ್ಪಲಾಗದೆಂಬ ತತ್ತ್ವ 1998ರಿಂದ ಆದಾಯ ತೆರಿಗೆ ಕಾನೂನಿನಲ್ಲಿ ಸ್ಪಷ್ಟವಾಗಿದೆ. ಆದಾಯಕ್ಕೆ ಮಾತ್ರ ತೆರಿಗೆ ಉಂಟು.

ಕೊಳ್ಳುವ ಮುನ್ನ

ಕಳವಾದ ಮೊಬೈಲ್ ಫೋನನ್ನು ಐಎಂಇಐ ಸಂಖ್ಯೆಯಿಂದ ಗುರುತಿಸುವ ಸಂಚಾರ್ ಸಾಥಿ ವ್ಯವಸ್ಥೆಯು 2023ರ ಮೇ ತಿಂಗಳಿನಲ್ಲಿ ದೇಶದಾದ್ಯಂತ ಆರಂಭವಾಯಿತು. ಹಳೆಯ ಫೋನ್ ಕೊಳ್ಳುವವನು ಕ್ಷಣಾರ್ಧದಲ್ಲಿ ಪರೀಕ್ಷಿಸಬಹುದು. ಆಟದ ಯಂತ್ರಗಳಿಗೆ ಇಂಥ ಸಾರ್ವಜನಿಕ ಸೌಲಭ್ಯವಿಲ್ಲ. ಪರೀಕ್ಷೆಯನ್ನು ಅಂಗಡಿಯಲ್ಲಿಯೇ, ಮಾರುವವನ ಎದುರಿನಲ್ಲಿಯೇ ಮಾಡಬೇಕು. ಯಂತ್ರವನ್ನು ವೈ-ಫೈಗೆ ಜೋಡಿಸುವುದಷ್ಟೇ ಸಾಲದು. ಆನ್‌ಲೈನ್ ಅಂಗಡಿಯನ್ನು ತೆರೆದು ನೋಡಬೇಕು. ಯಂತ್ರದ ಹೊರಮೈಯ ಚೀಟಿಯಲ್ಲಿರುವ ಕ್ರಮಸಂಖ್ಯೆಯೂ ಸೆಟ್ಟಿಂಗ್ಸ್‌ನಲ್ಲಿ ತೋರುವ ಕ್ರಮಸಂಖ್ಯೆಯೂ ಒಂದೇ ಆಗಿರಬೇಕು. ಹೊರಕವಚ ಬದಲಿಸುವುದು ಹತ್ತು ನಿಮಿಷದ ಕೆಲಸ.

ಪರೀಕ್ಷೆಯಲ್ಲಿ ಉತ್ತೀರ್ಣವಾದ ಯಂತ್ರವೂ ಸುರಕ್ಷಿತವೆಂದು ಹೇಳಲಾಗದು. ನಿಷೇಧವು ಕೃತ್ಯ ನಡೆದ ಕ್ಷಣದಲ್ಲಿಯೇ ಬರಬೇಕೆಂದಿಲ್ಲ. 2017ರಲ್ಲಿ ಆದಂತೆ ಅಲೆಯಾಗಿಯೂ ಬರಬಹುದು. ಆದುದರಿಂದ ಮಾರುವವನಿಂದ ಒಂದು ಹೇಳಿಕೆ ಬರೆಸಿಕೊಳ್ಳುವುದು ಅವಶ್ಯಕ: ಹೆಸರು, ವಿಳಾಸ, ಗುರುತಿನ ದಾಖಲೆ, ಕ್ರಮಸಂಖ್ಯೆ, ಯಂತ್ರವನ್ನು ಮಾರ್ಪಡಿಸಿಲ್ಲ ಮತ್ತು ನಕಲು ಆಟ ಬಳಸಿಲ್ಲವೆಂಬ ಮಾತು, ಇಂತಿಷ್ಟು ದಿನಗಳಲ್ಲಿ ನಿಷೇಧ ಕಂಡುಬಂದರೆ ಹಣ ಮರಳಿಸುವ ಒಪ್ಪಿಗೆ. ಒಂದು ಪುಟ ಸಾಕು. ಪೂರ್ತಿ ಹಣವನ್ನು ಒಮ್ಮೆಗೇ ಕೊಡದೆ ಒಂದಂಶವನ್ನು 30 ದಿನ ಉಳಿಸಿಕೊಳ್ಳುವ ಪದ್ಧತಿಯೂ ಯೋಗ್ಯ; ಮಾರುವವನು ಒಪ್ಪದಿದ್ದರೆ ಆ ನಿರಾಕರಣೆಯೇ ಒಂದು ಮಾಹಿತಿ. ಬಳಸಿದ ಆಟದ ಕಾರ್ಡುಗಳ ಸಗಟು ಖರೀದಿಯಲ್ಲಿ ಇಷ್ಟೆಲ್ಲ ಮಾಡುವುದು ಅಸಾಧ್ಯ. ಒಂದೊಂದು ಕಾರ್ಡೂ ಅಗ್ಗ, ಆದರೆ ಅದರಿಂದ ನಿಷೇಧಗೊಳ್ಳುವ ಯಂತ್ರ ಅಗ್ಗವಲ್ಲ. ಅಪರಿಚಿತರಿಂದ ರಾಶಿಯಾಗಿ ಕೊಳ್ಳುವುದನ್ನು ನಿಲ್ಲಿಸುವುದೇ ಲೇಸು.

ತಯಾರಕರ ಅಧಿಕಾರ

ವರ್ತಕರ ಕರ್ತವ್ಯಗಳನ್ನು ಇಷ್ಟು ಹೇಳಿದ ಮೇಲೆ ತಯಾರಕರ ನಡೆಯನ್ನು ಪ್ರಶ್ನಿಸದಿರುವುದು ಪಕ್ಷಪಾತವಾದೀತು. ನಕಲನ್ನು ತಡೆಯುವ ಹಕ್ಕು ಅವರಿಗಿದೆ. ಆದರೆ ಆರೋಪ, ವಿಚಾರಣೆ, ಶಿಕ್ಷೆ ಮೂರೂ ಒಂದೇ ಸರ್ವರಿನಲ್ಲಿ ನಡೆದು, ಶಿಕ್ಷೆ ಮೂರನೆಯವನ ಆಸ್ತಿಯ ಮೇಲೆ ಬೀಳುವುದು ಸರಿಯಲ್ಲ. 2025ರ ಮೇ ತಿಂಗಳಿನಲ್ಲಿ ನಿಂಟೆಂಡೊ ತನ್ನ ಅಮೆರಿಕದ ಒಪ್ಪಂದವನ್ನು ಪರಿಷ್ಕರಿಸಿ, ಷರತ್ತು ಮುರಿದಲ್ಲಿ ಯಂತ್ರವನ್ನು ಭಾಗಶಃ ಅಥವಾ ಪೂರ್ತಿಯಾಗಿ ಶಾಶ್ವತವಾಗಿ ನಿರುಪಯೋಗಿ ಮಾಡುವ ಅಧಿಕಾರವನ್ನೂ ಕಾದಿರಿಸಿಕೊಂಡಿತು. ಬ್ರೆಜಿಲ್ ದೇಶದ ಸಾವೊ ಪಾಲೊ ರಾಜ್ಯದ ಗ್ರಾಹಕ ಸಂರಕ್ಷಣಾ ಸಂಸ್ಥೆ ಇಂಥ ಷರತ್ತುಗಳಿಗೆ ಆಕ್ಷೇಪ ಎತ್ತಿತು. ನಮ್ಮ 2019ರ ಕಾಯ್ದೆಯಲ್ಲಿಯೂ 'ಅನ್ಯಾಯದ ಒಪ್ಪಂದ' ಎಂಬ ಪರಿಕಲ್ಪನೆ ಇದೆ; ಸಕಾರಣವಿಲ್ಲದೆ ಏಕಪಕ್ಷೀಯವಾಗಿ ಒಪ್ಪಂದ ಕೊನೆಗೊಳಿಸುವ ಷರತ್ತು ಅದರ ವ್ಯಾಪ್ತಿಗೆ ಬರುತ್ತದೆ. ಅದರ ದೂರು ಹೋಗಬೇಕಾದದ್ದು ಜಿಲ್ಲಾ ಆಯೋಗಕ್ಕಲ್ಲ, ರಾಜ್ಯ ಆಯೋಗಕ್ಕೆ. 17,500 ರೂಪಾಯಿಗಾಗಿ ಯಾರು ಹೋದಾರು? ಕ್ರಮಸಂಖ್ಯೆ ಕೊಟ್ಟರೆ ನಿಷೇಧವಿದೆಯೇ ಇಲ್ಲವೇ ಎಂದು ಹೇಳುವ ಒಂದು ಪುಟವನ್ನು ತಯಾರಕರು ತೆರೆದಿಟ್ಟರೆ ಹಳೆಯ ಸರಕಿನ ವ್ಯಾಪಾರದ ಅರ್ಧ ವ್ಯಾಜ್ಯ ಹುಟ್ಟುವುದೇ ಇಲ್ಲ. ಇದು ಬಿಡಿ ವರ್ತಕನಿಂದ ಆಗುವ ಕೆಲಸವಲ್ಲ. ವಾಣಿಜ್ಯ ಸಂಸ್ಥೆಗಳು ಒಟ್ಟಾಗಿ ಕೇಳಬೇಕಾದದ್ದು.

ಕಗ್ಗದಾಸಪುರದ ವರ್ತಕನು ಗೃಹಸ್ಥರಿಗೆ ಹಣ ಮರಳಿಸಿದ್ದಾನೆ. ಮಾರಿದ ಉದ್ಯೋಗಿಯನ್ನು ಹುಡುಕಲು ಅವನ ಬಳಿ ಹೆಸರೂ ಇಲ್ಲ, ಫೋನ್ ಸಂಖ್ಯೆಯೂ ಇಲ್ಲ. ಮೆಮೊರಿ ಕಾರ್ಡಿನಲ್ಲಿದ್ದುದನ್ನು ಅಳಿಸಿ, ಯಂತ್ರವನ್ನು ಗಾಜಿನ ಕಪಾಟಿನಲ್ಲಿಟ್ಟು, 'ಆನ್‌ಲೈನ್ ಇಲ್ಲ, 9,000' ಎಂದು ಚೀಟಿ ಅಂಟಿಸಿದ್ದಾನೆ. ಮಾರ್ಚ್ 31ರವರೆಗೆ ಅದು ಮಾರಾಟವಾಗದಿದ್ದರೆ ದಾಸ್ತಾನು ಪಟ್ಟಿಯಲ್ಲಿಯೂ ಅದೇ ಮೊತ್ತವನ್ನು ಬರೆಯಬೇಕಾಗುತ್ತದೆ.